ನಾಲ್ಕು ಕಿಲೋ ಎಂಟುನೂರು

ಬೆಳಗಿನಿಂದ ಏನೂ ಮುಟ್ಟಿಲ್ಲ ತಾನೆ, ಎಂದೆ.
ಗುಟುಕು ನೀರು, ಅಷ್ಟೇ, ಎಂದಳು ಲೆಸಿಯೆಲಿ,
ಇಪ್ಪತ್ತಾರು ವಾರದ ಬಸುರಿ,
ಹೊರ ದ್ವೀಪದಿಂದ ಎರಡು ದೋಣಿ ಬದಲಿಸಿ
ನೆಯಾಫು ಬಂದರಿಗೆ ಬಂದವಳು.
ಸೂಜಿ ಚುಚ್ಚಿ ಮೊದಲ ರಕ್ತ ತೆಗೆದೆ.
ಆಮೇಲೆ ಲೋಟ: ಎಪ್ಪತ್ತೈದು ಗ್ರಾಂ ಗ್ಲೂಕೋಸು,
ಕದಡಿದ ನೀರು. ಐದು ನಿಮಿಷದಲ್ಲಿ ಕುಡಿ,
ವಾಂತಿಯಾದರೆ ಇನ್ನೊಂದು ದಿನ, ಇನ್ನೆರಡು ದೋಣಿ.

ಎರಡು ಗಂಟೆ ಕಾಯಬೇಕು.
ಅಷ್ಟರಲ್ಲಿ ಫಾರ್ಮು ತುಂಬೋಣ.

ವಯಸ್ಸು?
ಚರ್ಚಿನ ಪುಸ್ತಕ ಮೂವತ್ತಾರು ಎನ್ನುತ್ತೆ,
ಅಮ್ಮ ಮೂವತ್ತೆಂಟು ಎನ್ನುತ್ತಾಳೆ.
ಎರಡೂ ಗೆರೆಯ ಆಚೆಯವೇ. ಗುರುತು ಹಾಕಿದೆ.

ಬಸುರಿಗೆ ಮುಂಚೆ ತೂಕ?
ನಕ್ಕಳು. ತಕ್ಕಡಿ ಇದ್ದದ್ದು ಕೊಬ್ಬರಿ ಗೋದಾಮಿನಲ್ಲಿ,
ನನ್ನನ್ನು ಯಾರು ತೂಗಿದರು?
ಕಣ್ಣಳತೆಯಲ್ಲಿ ಬರೆದುಕೊಂಡೆ, ಗುರುತು ಹಾಕಿದೆ.

ಮನೆಯಲ್ಲಿ ಯಾರಿಗಾದರೂ ಸಕ್ಕರೆ?
ಮಾತಾಡಲಿಲ್ಲ. ಸೊಂಟಕ್ಕೆ ಸುತ್ತಿದ ಚಾಪೆ ಮುಟ್ಟಿದಳು,
ಅಂಚು ಹರಿದು ಮೊಣಕಾಲ ಕೆಳಗಿಳಿದ ಸಾವಿನ ಚಾಪೆ.
ದೊಡ್ಡಮ್ಮ ಹೋಗಿ ಎಂಟು ದಿನ.
ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮಂಡಿ,
ಕಂತಿನಲ್ಲಿ ಹೋದಳು, ಎಂದಳು.
ಗುರುತು ಹಾಕಿದೆ.
ಚೌಕ ತೀರಾ ಚಿಕ್ಕದು.

ಜನಾಂಗ? ಅದನ್ನು ಕೇಳಲೇ ಇಲ್ಲ.
ಅಚ್ಚು ಹಾಕಿದವನೇ ಅಲ್ಲಿ ಗುರುತು ಹಾಕಿ ಕಳಿಸಿದ್ದಾನೆ.

ಹಿಂದಿನ ಕೂಸಿನ ತೂಕ?
ಆಗ ನೋಡಬೇಕಿತ್ತು ಅವಳ ಮುಖ.
ನಾಲ್ಕು ಕಿಲೋ ಎಂಟುನೂರು! ಸೂಲಗಿತ್ತಿ
ತಕ್ಕಡಿಯ ಮುಳ್ಳನ್ನು ಎರಡು ಸಲ ಓದಿದಳಂತೆ.
ಮಾವ ಹಂದಿ ಸುಡಿಸಿದ, ಊರಿಗೆ ಊರೇ ಬಂತು,
ಪಾದ್ರಿ ಎತ್ತಿಕೊಂಡು ತೋಳು ನೋಯಿತೆಂದರು.
ಅದೂ ಒಂದು ಗುರುತು, ಎಂದೆ.
ಒಳ್ಳೆಯದಕ್ಕಾ?

ಪೆನ್ನು ಕೆಳಗಿಟ್ಟೆ.
ಹೇಗೆ ಹೇಳಲಿ, ಆ ಮುದ್ದು ತೊಡೆ,
ಮಣಿಕಟ್ಟಿನ ಆ ಮೂರು ಮಡಿಕೆ,
ನಿನ್ನ ರಕ್ತದ ಸಕ್ಕರೆ ಉಂಡು ಊದಿದ್ದಿರಬಹುದು,
ಆಗ ಯಾರೂ ಅಳೆಯಲಿಲ್ಲ ಎಂದು?

ಮಾಸು, ಎಂದೆ. ಮಾಸಿನಿಂದ ಒಸರುವುದೊಂದು ರಸ
ತಾಯಿಯ ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತದೆ,
ಎಲ್ಲ ಬಸುರಿಯರಲ್ಲೂ, ಕೂಸಿಗೆ ಉಣ್ಣಲು ಸಾಕಷ್ಟಿರಲಿ ಎಂದು.
ಕೆಲವರ ಮೈ ಇನ್ನಷ್ಟು ದುಡಿದು ಸರಿದೂಗಿಸುತ್ತದೆ.
ಕೆಲವರದು ಮೊದಲೇ ದಣಿದಿರುತ್ತದೆ.

ಟೊಂಗಾದ ನಮ್ಮ ಮಾತಿನಲ್ಲಿ ಮಾಸಿಗೂ ನೆಲಕ್ಕೂ
ಒಂದೇ ಹೆಸರು, ಫೊನುವಾ.
ಹಾಗಾದರೆ ತಪ್ಪು ಫೊನುವಾದ್ದಾ? ಎಂದಳು.
ಯಾವ ಫೊನುವಾ ಎಂದು ನಾನು ಕೇಳಲಿಲ್ಲ.
ಕಿಟಕಿಯಾಚೆ ಹಡಗೊಂದು ಇಳಿಸುತ್ತಿತ್ತು
ಹೆಪ್ಪುಗಟ್ಟಿದ ಕುರಿ ಪಕ್ಕೆ, ಅರ್ಧಕ್ಕರ್ಧ ಕೊಬ್ಬು,
ಮೈದಾ ಮೂಟೆ, ಬಿಸ್ಕತ್ತಿನ ಡಬ್ಬ.
ಹಿತ್ತಲ ದೀವಿಹಲಸು ಕೊಳೆತು ಬೀಳುವ ಊರಿಗೆ.
ಫಾರ್ಮಿನಲ್ಲಿ ಹಡಗಿಗೆ ಚೌಕವಿಲ್ಲ.

ನನ್ನ ಮೇಜಿನ ಖಾನೆಯಲ್ಲಿ ನನ್ನದೇ ಮಾತ್ರೆಗಳಿವೆ.
ಎರಡನೆಯ ಹೆರಿಗೆಯ ನಂತರ ಹೋಗಿಬಿಟ್ಟಿತು ಎಂದರು,
ಹೋದದ್ದು ಮೂರನೆಯದಕ್ಕೆ ಮರಳಿ ಬಂದು
ಈಗ ಮನೆಯ ಸೊಸೆಯಂತೆ ನೆಲೆ ನಿಂತಿದೆ.
ಇದನ್ನು ಅವಳಿಗೆ ಹೇಳಿದೆನೋ ಇಲ್ಲವೋ,
ನೆನಪಿಲ್ಲ. ಹೇಳಿರಬೇಕು, ಅವಳು ನನ್ನ ಕೈ ಹಿಡಿದಿದ್ದಳು.

ಬರಿಹೊಟ್ಟೆಯಲ್ಲಿ ಐದೂ ಆರು, ಗಂಟೆಗೆ ಹನ್ನೊಂದು,
ಎರಡು ಗಂಟೆಗೆ ಒಂಬತ್ತೂ ಒಂದು.
ಮೂರೂ ಮೇರೆ ಮೀರಿದ್ದವು.
ಸುಮ್ಮನೆ ಕೇಳಿದಳು. ಊಟದ ಪಟ್ಟಿ ಮಡಿಸಿಟ್ಟಳು,
ಬೆರಳು ಚುಚ್ಚುವ ಯಂತ್ರವನ್ನು ಚೀಲಕ್ಕೆ ಹಾಕಿದಳು.
ಸಂಜೆ ನಡೆ ಎಂದೆ; ನಡೆಯಲು ದ್ವೀಪ ಎಷ್ಟುದ್ದವಿದೆ ಎಂದಳು.

ಬಾಗಿಲವರೆಗೆ ಹೋಗಿ ತಿರುಗಿ ಬಂದಳು.
ಅಕ್ಕಾ, ಅವನ ತೂಕ ಬರೆದ ಚೀಟಿ
ಅಲೆ ಮನೆಗೆ ನುಗ್ಗಿದಾಗ ಕೊಚ್ಚಿಹೋಯಿತು.
ನೀವು ಫಾರ್ಮಿನಲ್ಲಿ ಬರೆದಿರಲ್ಲ,
ಅದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ.
ಗುರುತು ಬೇಡ.
ತೂಕ ಮಾತ್ರ.